ಜಿಗ್ಗುರಾತ್ ಮಾದರಿ: ಮೆಟ್ಟಿಲು ಯಾವ ಕಡೆ, ಮೂರ್ತಿ ಎಲ್ಲಿ?

ಬೆಟಗೇರಿ ಓಣಿ:
ಗದಗದಾಗ ಹೈಸ್ಕೂಲ್ ಹುಡುಗರ ವಸ್ತುಪ್ರದರ್ಶನಕ್ಕ ಅಸಿರಿಯಾದ (ಈಗಿನ ಉತ್ತರ ಇರಾಕಿನ ಹಳೇ ರಾಜ್ಯ) ಜಿಗ್ಗುರಾತ್, ಅಂದ್ರ ಅಂತಸ್ತಿನ ಮ್ಯಾಲ ಅಂತಸ್ತು ಇರೋ ಗುಡಿ-ಗೋಪುರದ ಮಾದರಿ ಆಗಬೇಕ್ರಿ. ಥರ್ಮಾಕೋಲ್, 1:200 ಅಳತಿ. ಮುಂದ ಮೂರು ಮೆಟ್ಟಿಲಸಾಲು, ತುದಿಗೆ ಗುಡಿ, ಅದರಾಗ ಮೂರ್ತಿ. ಇಷ್ಟಾದ್ರ ಸಾಕೇನು? ಲಕ್ಕುಂಡಿ ಗುಡಿಯಂಗ ಒಳಗ ಜಾಗ ಬಿಡಬೇಕೋ?

ಮಾಳಿಗಿಮನಿ:
ಮೂರು ಮೆಟ್ಟಿಲಸಾಲು ತಗೀರಿ, ಅದು ದಕ್ಷಿಣ ಇರಾಕಿನ ಉರ್ ಪಟ್ಟಣದ್ದು. ಎಲ್ಲಾ ಕಡೆ ಅದರ ಫೋಟೋನ ಸಿಗತೈತಿ, ಅದಕ್ಕ ಈ ತಪ್ಪು.

ಖೋರ್ಸಾಬಾದ್ ಜಿಗ್ಗುರಾತ್ ಹಿಡೀರಿ. ಅದು ಅಸಿರಿಯಾದ ಅರಸ ಎರಡನೇ ಸರ್ಗೋನ್ ಕ್ರಿ.ಪೂ. 717ರ ನಂತರ ಕಟ್ಟಿಸಿದ ಊರು. ಜಿಗ್ಗುರಾತಿನ ಬುಡ ಒಂದು ಬದಿ ಸುಮಾರು 43 ಮೀಟರ್, ನಿಮಗ 21.5 ಸೆಂ.ಮೀ. ಒಂದೊಂದು ಅಂತಸ್ತು 6.1 ಮೀಟರ್: ಒಂದಿಂಚಿನ ಥರ್ಮಾಕೋಲ್ ಮ್ಯಾಲ 5 ಮಿ.ಮೀ. ಫೋಮ್ ಹಾಳಿ ಅಂಟಿಸಿದ್ರ ಲೆಕ್ಕ ಕೂಡತೈತಿ. ಮೆಟ್ಟಿಲಸಾಲಿನ ಬದಲು ಗೋಡಿ ಸುತ್ತಿಕೋತ ಏರೋ ಇಳಿಜಾರು ದಾರಿ. ಫ್ರಾನ್ಸಿನ ವಿಕ್ಟರ್ ಪ್ಲಾಸ್ 19ನೇ ಶತಮಾನದಾಗ ಅಗಿಸಿದಾಗ ನಾಲ್ಕ ಅಂತಸ್ತು ಉಳಿದಿದ್ದವು. ಕೆಳಗಿಂದ ಬಿಳಿ, ಕರಿ, ಕೆಂಪು, ನೀಲಿ. ಏಳು ಅಂತಸ್ತು ಅನ್ನೂದು ಊಹೆ. ಏಳು ಮಾಡಿದ್ರ ಹಂಗಂತ ಚೀಟಿ ಹಚ್ಚರಿ.

ಒಳಗ ಗಟ್ಟಿ, ಹಸಿ ಇಟ್ಟಿಗಿ. ಅಸಿರಿಯಾದ ಇನ್ನೊಂದು ಪಟ್ಟಣ ನಿಮ್ರೂದದ ಜಿಗ್ಗುರಾತಿನಾಗ ಇಂಗ್ಲೆಂಡಿನ ಉತ್ಖನನಕಾರ ಲೇಯಾರ್ಡ್ ಸುರಂಗ ಕೊರಿಸಿ ಅರಸನ ಗೋರಿ ಹುಡುಕಿದ. ಸಿಕ್ಕದ್ದು ಸುಮಾರು 30 ಮೀಟರ್ ಉದ್ದದ ಖಾಲಿ ಕಮಾನು ಓಣಿ.

ತುಂಗಭದ್ರಾ ದಂಡಿ:
ಮೂರ್ತೀನ ತುದಿಗೆ ಇಡಬ್ಯಾಡ್ರಿ. ಲಕ್ಕುಂಡಿ ಒಳಗ ಶಿಖರ ದೇವರ ನೆತ್ತಿ ಮ್ಯಾಲ ಇರತದ, ಅಸಿರಿಯಾದಾಗ ಜಿಗ್ಗುರಾತ್ ಹೆಚ್ಚಾಗಿ ದೇವರ ಮಗ್ಗಲಿಗೆ. ನಿಮ್ರೂದದಾಗ ನಿನುರ್ತ ದೇವರ ಗುಡಿ ಬುಡಕ್ಕ ಹತ್ತಿಕೊಂಡ ಅದ. ಮೂರ್ತಿ, ದಿನದ ನೈವೇದ್ಯ, ಅರಸನ ಕಾಣಿಕಿ ಎಲ್ಲಾ ಕೆಳಗ. ಅಸಿರಿಯಾದ ಯಾವ ಜಿಗ್ಗುರಾತಿನ ತುದೀನೂ ಉಳಿದಿಲ್ಲ, ಅಲ್ಲಿ ಗುಡಿ ಕೂಡಿಸೂದು ಊಹೆ. ಕಾರ್-ತುಕುಲ್ತಿ-ನಿನುರ್ತ ಅನ್ನೋ ಅಸಿರಿಯಾದ ಪಟ್ಟಣದ ಜಿಗ್ಗುರಾತಿಗೆ ಮೆಟ್ಟಿಲ ಸಿಕ್ಕಿಲ್ಲ. ಗುಡಿಯ ಮಾಳಿಗಿಯಿಂದ ಹತ್ತತಿದ್ರು ಅಂತ ಅಂದಾಜು. ಜಿಗ್ಗುರಾತ್ ಅಂದ್ರ ಜನ ಕೂಡೋ ಜಾತ್ರಿ ಕಟ್ಟಿ ಅಲ್ಲ. ಬುಡಕ್ಕ ಗುಡಿ ಇಲ್ಲದ ಮಾದರಿ ಅಂದ್ರ ದೇವರ ಇಲ್ಲದ ತೇರು. (ಅಶೂರ್ ಪಟ್ಟಣದ ದೊಡ್ಡ ಜಿಗ್ಗುರಾತ್ ಮಾತ್ರ ಅಶೂರ್ ದೇವರ ಗುಡಿಯಿಂದ ದೂರ ನಿಂತದ, ಅದನ್ನ ತೋರಿಸಿ ವಾದ ಮಾಡೋರು ಬರತಾರ.)

ಮಾಳಿಗಿಮನಿ:
ಖರೆ. ಹೊರಮೈ ಬಗ್ಗೆ ಒಂದು ಮಾತು. ಹಸಿ ಇಟ್ಟಿಗಿಗೆ ನೀರು ಇಳಿದ್ರ ಉಬ್ಬಿ ಮುಖ ಕಳಚತೈತಿ, ಮಣ್ಣಿನ ಮಾಳಿಗಿ ಕಂಡವರಿಗೆ ಹೇಳೂದು ಬ್ಯಾಡ. ಅದಕ್ಕ ನಿಮ್ರೂದದಾಗ ಬುಡದಿಂದ ಸುಮಾರು 6 ಮೀಟರ್ ಕಲ್ಲಿನ ಹೊದಿಕಿ, ಮ್ಯಾಲ ಸುಟ್ಟ ಇಟ್ಟಿಗಿ.

ಬಣ್ಣಕ್ಕ ಡಿಸ್ಟೆಂಪರ್ ಬಳಸ್ರಿ. ಎಣ್ಣಿ ಪೇಂಟಿನ ಥಿನ್ನರ್ ತಾಗಿದ್ರ ಥರ್ಮಾಕೋಲ್ ಕರಗಿ ತೂತು ಬೀಳತೈತಿ.