ಫೈಲಿನ ದಿನಾಂಕ 1970 ಅಂತ ಬರ್ತಿದೆ, ಅದರಲ್ಲೂ ಎರಡು ಥರ

ಪ್ರಶ್ನೆ
ಕಾಟ್ಲಿನ್ ಭಾಷೆಯಲ್ಲಿ ಸಣ್ಣ ಆಂಡ್ರಾಯ್ಡ್ ಆ್ಯಪ್ ಬರೀತಿದ್ದೀನಿ. ಆಡಿಯೋ ಫೈಲುಗಳ ಹೆಸರು, ಗಾತ್ರ, ಕೊನೆಗೆ ಬದಲಾದ ದಿನಾಂಕ ತೋರಿಸಬೇಕು, ಅಷ್ಟೇ. ಮೀಡಿಯಾಸ್ಟೋರ್‌ನಿಂದ (ಫೋನಿನ ಹಾಡು, ಚಿತ್ರಗಳ ವಿವರ ಇಟ್ಟಿರೋ ಆಂಡ್ರಾಯ್ಡ್ ಡೇಟಾಬೇಸ್) ತಂದ ಪಟ್ಟಿಯಲ್ಲಿ ಎಲ್ಲಾ ಫೈಲುಗಳಿಗೂ 1970ರ ಜನವರಿ 20, ಇಲ್ಲಾ 21. ಪಿಕರ್‌ನಿಂದ (ಬಳಸೋರು ಫೈಲ್ ಆರಿಸೋ ಪರದೆ) ಆರಿಸಿದ್ದಕ್ಕೆ ಜನವರಿ 1, ಗಾತ್ರ ಸೊನ್ನೆ. ಎರರ್ ಒಂದೂ ಇಲ್ಲ. ಪರ್ಮಿಷನ್ ತೊಂದರೆ ಇರಬೇಕು ಅಂತ ಎರಡು ಸಂಜೆ ಮ್ಯಾನಿಫೆಸ್ಟ್ (ಆ್ಯಪ್‌ಗೆ ಬೇಕಾದ ಪರ್ಮಿಷನ್ ಬರೆಯೋ ಫೈಲ್) ಕೆದಕಿದ್ದಾಯ್ತು.

ಉತ್ತರ 1
ಪರ್ಮಿಷನ್ ಬಿಡಿ, ಆ ತಪ್ಪು ದಿನಾಂಕಗಳೇ ಕಾರಣ ಹೇಳ್ತಿವೆ. ಎರಡೂ ಬೇರೆ ಬೇರೆ ಬಗ್. ಆಂಡ್ರಾಯ್ಡ್ ಸಮಯವನ್ನ 1970ರ ಜನವರಿ 1ರಿಂದ ಎಣಿಸುತ್ತೆ, ಅದಕ್ಕೇ ತಪ್ಪು ಲೆಕ್ಕ ಅಲ್ಲಿಗೆ ಹೋಗಿ ನಿಲ್ಲುತ್ತೆ.

ಮೀಡಿಯಾಸ್ಟೋರ್‌ನ ಡೇಟ್_ಮಾಡಿಫೈಡ್ (ಕೊನೆಗೆ ಬದಲಾದ ಸಮಯದ ಕಾಲಂ) ಸೆಕೆಂಡಿನಲ್ಲಿರುತ್ತೆ. ನೀವು ಅದನ್ನ ಮಿಲಿಸೆಕೆಂಡ್ ಅಂತ ಓದ್ತಿದ್ದೀರಿ. ಅಲ್ಲಿಗೆ ಸಾವಿರ ದಿನ ಕುಗ್ಗಿ ಒಂದೇ ದಿನ ಆಗುತ್ತೆ. 1970ರಿಂದ ಇಲ್ಲಿವರೆಗಿನ ಇಪ್ಪತ್ತು ಸಾವಿರ ಚಿಲ್ಲರೆ ದಿನ ಇಪ್ಪತ್ತು ದಿನದಲ್ಲಿ ಮುಗಿದುಹೋಯ್ತು! ನಿಮ್ಮ ಪಟ್ಟಿಯಲ್ಲಿ 20 ಅಂತ ಬಂದವು, ಗ್ರೀನಿಚ್ ಸಮಯದ ಲೆಕ್ಕದಲ್ಲಿ, ಸುಮಾರಾಗಿ 2024ರ ಅಕ್ಟೋಬರ್‌ಗಿಂತ ಹಿಂದಿನವು, 21 ಅಂದರೆ ಆಮೇಲಿನವು. 1000ದಿಂದ ಗುಣಿಸಿ. ಆದರೆ ಡೇಟ್_ಟೇಕನ್ (ಚಿತ್ರ ತೆಗೆದ ಸಮಯದ ಕಾಲಂ) ಮಾತ್ರ ಮಿಲಿಸೆಕೆಂಡಿನಲ್ಲೇ ಇದೆ, ಅದನ್ನ ಮುಟ್ಟಬೇಡಿ. ಒಂದೇ ಟೇಬಲಿನಲ್ಲಿ ಎರಡು ಅಳತೆ ಯಾಕಿಟ್ಟರೋ!

ಜನವರಿ 1 ಅಂದರೆ ಬರೀ ಸೊನ್ನೆ. ಪಿಕರ್ ಕೊಟ್ಟ ಯುಆರ್‌ಐನಿಂದ (ಫೈಲನ್ನ ಗುರುತಿಸೋ ವಿಳಾಸ) ಪಾಥ್ ತೆಗೆದು ಫೈಲ್ ಆಬ್ಜೆಕ್ಟ್ ಮಾಡಿದ್ದೀರಿ ಅಲ್ವಾ? ಅದು ಕಂಟೆಂಟ್ ಯುಆರ್‌ಐ, ಅದರ ಪಾಥ್ ಡಿಸ್ಕಿನ ವಿಳಾಸ ಅಲ್ಲ. ಆ ಫೈಲ್ ಇಲ್ಲದಿದ್ದರೆ ಲಾಸ್ಟ್‌ಮಾಡಿಫೈಡ್, ಲೆಂಗ್ತ್ ಎರಡೂ ಎಕ್ಸೆಪ್ಷನ್ (ಎರರ್) ಎಸೆಯದೆ ಸುಮ್ಮನೆ 0 ಕೊಡ್ತವೆ. ಆ ಯುಆರ್‌ಐನ ವಿವರ ತಂದುಕೊಡೋ ಕಂಟೆಂಟ್‌ರಿಸಾಲ್ವರ್‌ನಲ್ಲಿ ಕ್ವೆರಿ ಮಾಡಿ: ಹೆಸರು, ಗಾತ್ರಕ್ಕೆ ಓಪನೇಬಲ್‌ಕಾಲಮ್ಸ್, ದಿನಾಂಕಕ್ಕೆ ಡಾಕ್ಯುಮೆಂಟ್ಸ್‌ಕಾಂಟ್ರ್ಯಾಕ್ಟ್‌ನ ಕಾಲಮ್_ಲಾಸ್ಟ್_ಮಾಡಿಫೈಡ್. ಇದು ಮಿಲಿಸೆಕೆಂಡು.

ಪ್ರಶ್ನೆ ಕೇಳಿದವರು
ಹೌದು ಸರ್, ಪಾಥ್ ತೆಗೆದೇ ಮಾಡಿದ್ದೆ. ಈಗ ಎರಡೂ ಸರಿಯಾಯ್ತು. ಒಂದು ಕ್ಲೌಡ್ ಫೈಲಿಗೆ ಮಾತ್ರ ಗಾತ್ರ ಬರ್ತಿಲ್ಲ. ಫೈಲ್ ಹುಟ್ಟಿದ ದಿನಾಂಕವನ್ನೂ ತೋರಿಸೋಕಾಗುತ್ತಾ?

ಉತ್ತರ 2
ಗಾತ್ರದ ಕಾಲಂ ನಲ್ (ಅಂದರೆ ಖಾಲಿ) ಇರಬಹುದು. ಈಸ್‌ನಲ್ ನೋಡಿ, ಹಾಗಿದ್ದರೆ "ಗೊತ್ತಿಲ್ಲ" ಅಂತ ತೋರಿಸಿ. 0 ಕೆಬಿ ಅಂತ ಹಾಕಿದರೆ ಜನ ಫೈಲ್ ಹಾಳಾಗಿದೆ ಅಂದ್ಕೋತಾರೆ.

ಹುಟ್ಟಿದ ದಿನಾಂಕ ನಂಬಬೇಡಿ. ಆಂಡ್ರಾಯ್ಡ್ 8ರಿಂದ ಫೈಲಿನ ವಿವರ ಓದೋ ರೀಡ್‌ಆಟ್ರಿಬ್ಯೂಟ್ಸ್ ಇದೆ, ಅದರಲ್ಲಿ ಕ್ರಿಯೇಷನ್‌ಟೈಮ್ (ಹುಟ್ಟಿದ ಸಮಯ) ಕೂಡ ಇದೆ. ಆದರೆ ಹುಟ್ಟಿದ ಸಮಯ ಸಿಗದ ಕಡೆ ಅದು ಕೊನೆಗೆ ಬದಲಾದ ಸಮಯವನ್ನೇ ಕೊಡಬಹುದು. ಅದೂ ನಿಜವಾದ ಪಾಥ್ ಇದ್ದರೆ ಮಾತ್ರ.

ಪ್ರಶ್ನೆ ಕೇಳಿದವರು
ಹುಟ್ಟಿದ ದಿನಾಂಕದ ಕಾಲಂ ತೆಗೆದುಬಿಟ್ಟೆ.