ಚಲನ್ ಬಾಕಿ ಇದೆ ಅಂತ ಮೆಸೇಜ್ ಬಂದಿದೆ, ನಿಜಾನಾ?

ಹಳೇಸ್ಕೂಟರ್:
ಬೆಳಗ್ಗೆ ಒಂದು ಎಸ್‌ಎಂಎಸ್ ಬಂತು. ಸಿಗ್ನಲ್ ಜಂಪ್ ಮಾಡಿದ್ದೀರಿ, 500 ರೂಪಾಯಿ ದಂಡ ಬಾಕಿ ಇದೆ, ಇವತ್ತು ರಾತ್ರಿಯೊಳಗೆ ಕಟ್ಟದಿದ್ದರೆ ಲೈಸೆನ್ಸ್ ರದ್ದು ಅಂತ. ಕೆಳಗೆ ಲಿಂಕ್. ಅದರಲ್ಲಿ ಪರಿವಾಹನ್ ಅಂತ ಸರ್ಕಾರದ ಸಾರಿಗೆ ಸೈಟಿನ ಹೆಸರೇ ಇದೆ, ಗಾಡಿ ನಂಬರೂ ಸರಿಯಾಗಿದೆ, ಅದಕ್ಕೇ ಗೊಂದಲ. ಹೋದ ವಾರ ಹಳದಿ ಲೈಟಲ್ಲಿ ನುಗ್ಗಿದ್ದೂ ನಿಜ. ಕಟ್ಟಿಬಿಡಲಾ?

ನಿಧಾನಸ್ಥ:
ತಡೀರಿ, ಕಟ್ಟಬೇಡಿ. ಲಿಂಕಿನಲ್ಲಿ ಪರಿವಾಹನ್ ಅನ್ನೋ ಪದ ಇದ್ದರೆ ಸಾಲದು. ಶುರುವಿನ ಜೋಡಿ ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆಗೆ ಮುಂಚೆ ವಿಳಾಸ ಹೇಗೆ ಮುಗಿಯುತ್ತದೆ ನೋಡಿ. ಅಸಲಿ ಚಲನ್ ಸೈಟು ಡಾಟ್ ಗವ್ ಡಾಟ್ ಇನ್ ಅಂತ ಮುಗಿಯುತ್ತದೆ. ಪರಿವಾಹನ್ ಹೆಸರಿನ ಮುಂದೆ ಒಂದು ಅಡ್ಡಗೆರೆ ಹಾಕಿ ಡಾಟ್ ಕಾಮ್ ಅಂತ ಮುಗಿಸಿದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಪಕ್ಕದಲ್ಲಿ ಬೀಗದ ಚಿತ್ರ ಇದೆ ಅಂತಲೂ ನಂಬಬೇಡಿ, ಅದು ಕಳ್ಳರ ಸೈಟಿಗೂ ಸಿಗುತ್ತದೆ. ಗಾಡಿ ನಂಬರ್ ಅಂತೂ ರಸ್ತೆಯಲ್ಲಿ ಎಲ್ಲರಿಗೂ ಕಾಣುತ್ತದಲ್ಲ, ಗುಟ್ಟೇನಲ್ಲ.

ಮೆಸೇಜ್ ಮುಚ್ಚಿ, ಬ್ರೌಸರ್‌ನಲ್ಲಿ ನೀವೇ ಇಚಲನ್ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್ ಅಂತ ಟೈಪ್ ಮಾಡಿ. ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಕೇಳುತ್ತದೆ, ಆರ್‌ಸಿ ಕೈಯಲ್ಲಿರಲಿ. ದಂಡ ನಿಜವಾಗಿದ್ದರೆ ಸಾಮಾನ್ಯವಾಗಿ ಅಲ್ಲಿ ಇರುತ್ತದೆ.

ಮಳೆಗಾಲ:
ಕಳಿಸಿದ್ದು ಯಾವ ನಂಬರು? 10 ಅಂಕಿಯ ಮಾಮೂಲಿ ಮೊಬೈಲ್ ನಂಬರಾದರೆ ಅಲ್ಲಿಗೇ ಬಿಟ್ಟುಬಿಡಿ. 2025ರಿಂದ ಸರ್ಕಾರಿ ಮೆಸೇಜ್ ಕಳಿಸುವವರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಮತ್ತು ಜಿ ಅಕ್ಷರ ಇರುತ್ತದೆ.

ಚಿಕ್ಕಪ್ಪನಮಗ:
ಲಿಂಕ್ ಆದರೂ ಪರವಾಗಿಲ್ಲ, ವಾಟ್ಸಾಪಲ್ಲಿ ಚಲನ್ ಅಂತ ಹೆಸರಿಟ್ಟ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬರುತ್ತದೆ ನೋಡಿ, ಅದು ಇನ್ನೂ ಅಪಾಯ. ನಮ್ಮಪ್ಪ ಫೋಟೋ ಇರಬಹುದು ಅಂತ ಒತ್ತಿ, ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಅಲೋ ಅಲೋ ಅಂತ ಕೊಟ್ಟುಬಿಟ್ಟಿದ್ದರು. ಆಮೇಲೆ ಬಂದ ಒಟಿಪಿ ಎಲ್ಲಾ ಆ ಆ್ಯಪೇ ಓದಿ ಆಚೆ ಕಳಿಸುತ್ತಿತ್ತು, ಅವರು ಯಾರಿಗೂ ಬಾಯಿಬಿಟ್ಟು ಹೇಳಲೇ ಇಲ್ಲ! ನಾವು ಮೊದಲು ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ನನ್ನ ಫೋನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿದೆವು. ದುಡ್ಡು ಹೋಗಿದ್ದರೆ ಮೊದಲ ಕೆಲವು ಗಂಟೆಯಲ್ಲೇ ಹೇಳಬೇಕು, ತಡವಾದರೆ ಅದು ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ನಮ್ಮದು ಅರ್ಧ ತಡೆಹಿಡಿಯಲು ಆಯಿತು. ಬೈಯಬೇಡಿ ಅಂತ ಒಂದು ಮಾತು, ನಾನು ಬೈದಿದ್ದಕ್ಕೆ ಅಪ್ಪ ಎರಡನೇ ಕಂತು ಹೋಗಿದ್ದನ್ನು ಸಂಜೆವರೆಗೆ ಹೇಳಲೇ ಇಲ್ಲ.

ಹಳೇಸ್ಕೂಟರ್:
ಥ್ಯಾಂಕ್ಸ್ ಎಲ್ಲರಿಗೂ. ವಿಳಾಸ ಟೈಪ್ ಮಾಡಿ ನೋಡಿದೆ, ಸಿಗ್ನಲ್‌ದು ಏನೂ ಇಲ್ಲ. ಮೆಸೇಜ್ ಬಂದಿದ್ದೂ ಮಾಮೂಲಿ ನಂಬರಿಂದಲೇ, ಬ್ಲಾಕ್ ಮಾಡಿದೆ. ಆದರೆ ಹೋದ ವರ್ಷದ ನೋ ಪಾರ್ಕಿಂಗ್ ಒಂದು ನಿಜವಾಗಿಯೂ ಬಾಕಿ ಇದೆ, ಫೋಟೋ ಸಮೇತ. ಅದನ್ನ ಕಟ್ಟಿ ಬರ್ತೀನಿ.