ಅಪ್‌ಡೇಟ್: ಪ್ಯಾನ್‌ಕೇಕಿನ ಒಣ ಹಿಟ್ಟು ಮಳೆಗಾಲಕ್ಕೂ ಆಗ್ತದೆ

ಬೆಳಿಗ್ಗೆಯ ಗಡಿಬಿಡಿಗೆ ಪ್ಯಾನ್‌ಕೇಕಿನ ಒಣ ಹಿಟ್ಟು ಮೊದಲೇ ಬೆರೆಸಿಡಬಹುದಾ, ಉಡುಪಿಯ ಈ ಮಳೆಗೆ ಹಾಳಾಗುವುದಿಲ್ಲವಾ ಅಂತ ಕೇಳಿದ್ದೆ. ಧಾರಾಳ ಇಡಬಹುದು ಮಾರಾಯ್ರೆ.

ನಮ್ಮ ಮನೆಗೆ ಹೊಂದಿದ ಅಳತೆ: 3 ಕಪ್ ಮೈದಾ, 1 ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಹಾಲಿನ ಪುಡಿ, ಕಾಲು ಕಪ್ ಸಕ್ಕರೆ, 8 ಟೀ ಚಮಚ ಬೇಕಿಂಗ್ ಪೌಡರ್, 1 ಟೀ ಚಮಚ ಉಪ್ಪು. ಎಲ್ಲ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಬೇಕಿಂಗ್ ಪೌಡರ್ ಒಂದೇ ಕಡೆ ಕೂತರೆ ಆ ತುಂಡು ಕಹಿ.

ಇಲ್ಲಿ ನಿಜವಾದ ಶತ್ರು ತೇವ. ಬೇಕಿಂಗ್ ಪೌಡರಿನಲ್ಲಿ ಸೋಡಾ, ಆಮ್ಲ ಎರಡೂ ಉಂಟಲ್ಲ, ಪಸೆ ತಾಗಿದರೆ ಡಬ್ಬಿಯೊಳಗೇ ಗ್ಯಾಸ್ ಬಿಟ್ಟು ಸತ್ತುಹೋಗ್ತದೆ. ಹಾಗಾಗಿ ಬಿಗಿ ಮುಚ್ಚಳದ ಡಬ್ಬಿ, ಫ್ರಿಜ್, ಒಣ ಚಮಚ. ಅನುಮಾನ ಬಂದರೆ ಒಂದು ಚಮಚ ಹಿಟ್ಟು ಬಿಸಿನೀರಿಗೆ ಹಾಕಿ ನೋಡಿ, ಗುಳ್ಳೆ ಏಳಬೇಕು.

1 ಕಪ್ ಹಿಟ್ಟಿಗೆ 1 ಮೊಟ್ಟೆ, ಮುಕ್ಕಾಲು ಕಪ್ ಹಾಲು, ಚಮಚ ಕರಗಿಸಿದ ಬೆಣ್ಣೆ. ಸಣ್ಣ ಗಂಟು ಉಳಿದರೂ ಬಿಡಿ, ಹೆಚ್ಚು ಕಲಸಿದರೆ ರಬ್ಬರು. ಅತ್ತೆಗೆ ಮೊಟ್ಟೆ ಆಗುವುದಿಲ್ಲ, ಅವರ ಪಾಲಿಗೆ ಅರ್ಧ ಬಾಳೆಹಣ್ಣು ಹಿಸುಕಿ ಹಾಕ್ತೇನೆ. ದೋಸೆ ಕಾವಲಿಯಲ್ಲೇ, ಸಣ್ಣ ಉರಿ. ಮೇಲೆ ಜೋನಿಬೆಲ್ಲ, ಮೇಪಲ್ ಸಿರಪ್ಪಿಗೆ ದುಡ್ಡು ಸುರಿಯುವ ಅಗತ್ಯ ಕಾಣಲಿಲ್ಲ.